ಬಯಲಿಗೆ ಬಿಟ್ಟ ಹಸು, ಹಗ್ಗ ಎಷ್ಟು ಉದ್ದ? ಜಪಾನಿ ಆರ್‌ಪಿಜಿಗಳ ಓಪನ್ ವರ್ಲ್ಡ್ ಬಗ್ಗೆ

1986ರ ಮೇ ತಿಂಗಳಲ್ಲಿ ಜಪಾನಿನ ಅಂಗಡಿಗಳಿಗೆ ಡ್ರಾಗನ್ ಕ್ವೆಸ್ಟ್ ಎನ್ನುವ ವಿಡಿಯೋ ಗೇಮ್ ಬಂತು. ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆ ಎನಿಕ್ಸ್ ಕಂಪನಿ ತಂದ ಆಟ. ಊರು, ಕಾಡು, ರಾಕ್ಷಸರು, ಸಂಗೀತ, ಮಾತುಕತೆ ಎಲ್ಲ ಸೇರಿ ಇಡೀ ಆಟ ಬರೀ 64 ಕಿಲೋಬೈಟ್. ಇವತ್ತು ಬೆಳಗ್ಗೆ ನಿಮ್ಮ ವಾಟ್ಸಾಪಿಗೆ ಬಂದ ಗುಡ್ ಮಾರ್ನಿಂಗ್ ಫೋಟೋ ಬಹುಶಃ ಅದಕ್ಕಿಂತ ದೊಡ್ಡದು.

ಆಟ ಶುರುವಾಗುವುದು ರಾಜನ ಎದುರು. ಅವನ ಮಾತು ಕೇಳಿ, ಪೆಟ್ಟಿಗೆಯಲ್ಲಿರುವ ಒಂದಿಷ್ಟು ದುಡ್ಡು ಎತ್ತಿಕೊಂಡು ಕೋಟೆಯಿಂದ ಹೊರಗೆ ಬರುತ್ತೀರಿ. ಸುತ್ತ ಹಸಿರು ಬಯಲು, ಪಕ್ಕದಲ್ಲೊಂದು ಊರು. ಸ್ವಲ್ಪ ಆಚೆ ನೀರು. ಆ ನೀರಿನ ಆಚೆ ದಡದಲ್ಲಿ ಇನ್ನೊಂದು ಕೋಟೆ. ಅದು ಡ್ರಾಗನ್‌ಲಾರ್ಡ್‌ನದ್ದು, ಅಂದರೆ ಕೊನೆಯಲ್ಲಿ ನೀವು ಸೋಲಿಸಬೇಕಾದ ಖಳನದ್ದು. ಆಟ ಶುರುವಾಗಿ ಐದು ನಿಮಿಷ ಆಗಿಲ್ಲ, ಆಗಲೇ ಕೊನೆಯ ಮನೆ ಕಣ್ಣೆದುರಿಗಿದೆ! ಆದರೆ ನೀರು ದಾಟಲು ಕಾಮನಬಿಲ್ಲಿನ ಸೇತುವೆ ಬೇಕು. ಅದಕ್ಕೆ ಬೇಕಾದ್ದನ್ನು ಹುಡುಕಿಕೊಂಡು ಇಡೀ ನಾಡು ಸುತ್ತಬೇಕು.

ಮಜಾ ಇರುವುದು ಆ ಸುತ್ತಾಟದಲ್ಲಿ. ದಾರಿಯಲ್ಲಿ ಗೇಟ್ ಇಲ್ಲ, ಕಾವಲುಗಾರ ಇಲ್ಲ, 'ಈ ಕಡೆ ಬರಬೇಡಿ' ಅನ್ನುವ ಬೋರ್ಡ್ ಇಲ್ಲ. ಎಷ್ಟು ದೂರ ಬೇಕಾದರೂ ನಡೆಯಬಹುದು. ಕೋಟೆಯ ಸುತ್ತಮುತ್ತ ಸಿಗುವುದು ನೀರಹನಿಯ ಆಕಾರದ, ನಗುಮುಖದ ಸ್ಲೈಮ್. ಅಕಿರಾ ತೊರಿಯಾಮಾ ಬರೆದ ಚಿತ್ರ ಅದು, ನೋಡಿದರೆ ಹೊಡೆಯಲೇ ಮನಸ್ಸು ಬರಲ್ಲ. ಒಂದು ಸೇತುವೆ ದಾಟಿ ನೋಡಿ, ಅಲ್ಲಿಂದಾಚೆ ಬರುವವರೇ ಬೇರೆ. ಎರಡು ಏಟಿಗೆ ನೀವು ಖಾಲಿ. ಸತ್ತರೆ ಮತ್ತೆ ಅದೇ ರಾಜನ ಮುಂದೆ ಎದ್ದು ನಿಲ್ಲುತ್ತೀರಿ. ಕಲಿತ ವಿದ್ಯೆ ಇರುತ್ತದೆ, ಜೇಬಿನ ಅರ್ಧ ದುಡ್ಡು ಹೋಗಿರುತ್ತದೆ.

ಹಳ್ಳಿಯಲ್ಲಿ ಹಸುವನ್ನು ಬಯಲಲ್ಲಿ ಮೇಯಲು ಬಿಡುವಾಗ ಗೂಟ ಹೊಡೆದು ಹಗ್ಗ ಕಟ್ಟುತ್ತಾರಲ್ಲ, ಹಾಗೆ ಇದು. ಬೇಲಿ ಕಾಣುವುದಿಲ್ಲ. ಹಸು ತನ್ನಿಷ್ಟದಂತೆ ಮೇಯುತ್ತಿರುತ್ತದೆ. ಹಗ್ಗ ಬಿಗಿಯಾದಾಗ ಮಾತ್ರ ಗೊತ್ತಾಗುತ್ತದೆ. ಡ್ರಾಗನ್ ಕ್ವೆಸ್ಟ್‌ನಲ್ಲಿ ಊರಿನ ಛತ್ರವೇ ಗೂಟ. ನಿಮ್ಮ ಪ್ರಾಣದ ಅಂಕಿ, ಮಂತ್ರದ ಅಂಕಿ ಎರಡೂ ಸೇರಿ ಹಗ್ಗ. ಹೋರಾಡಿ ಲೆವೆಲ್, ಅಂದರೆ ಶಕ್ತಿಯ ಮಟ್ಟ, ಏರಿದಂತೆಲ್ಲ ಹಗ್ಗ ಒಂದು ಮೊಳ ಉದ್ದವಾಗುತ್ತದೆ.

ಹೀಗೆ ಒಂದು ಪಾತ್ರವಾಗಿ ಆಡುತ್ತಾ ಅದನ್ನು ಬೆಳೆಸುವ ಆಟವೇ ರೋಲ್ ಪ್ಲೇಯಿಂಗ್ ಗೇಮ್, ಆರ್‌ಪಿಜಿ. ಜಪಾನಿ ಆರ್‌ಪಿಜಿಗಳ ಓಪನ್ ವರ್ಲ್ಡ್, ಅಂದರೆ ಇಷ್ಟ ಬಂದ ಕಡೆ ಅಲೆಯಬಹುದಾದ ಲೋಕ, ಅರ್ಥವಾಗಬೇಕಾದರೆ ಮ್ಯಾಪ್ ಎಷ್ಟು ಚದರ ಕಿಲೋಮೀಟರ್ ಅಂತ ಕೇಳಿ ಪ್ರಯೋಜನವಿಲ್ಲ. ಹಗ್ಗವನ್ನು ಎಲ್ಲಿ ಕಟ್ಟಿದ್ದಾರೆ, ಅದನ್ನು ಹೇಗೆ ಮುಚ್ಚಿಟ್ಟಿದ್ದಾರೆ ಅಂತ ನೋಡಬೇಕು. ಒಂದೊಂದು ಸ್ಟುಡಿಯೋದ ಸ್ಟೈಲ್ ಅನ್ನುವುದು ನನ್ನ ಪ್ರಕಾರ ಅಲ್ಲೇ ಇದೆ. ಮುಖ್ಯಪಾತ್ರದ ಕೂದಲಿನ ಬಣ್ಣದಲ್ಲಂತೂ ಅಲ್ಲ.

ಇಲ್ಲೊಂದು ಮಾತು. ಈ ಆಟಗಳನ್ನು ಹೊರಗಿನವರು 'ಜೆಆರ್‌ಪಿಜಿ' ಅನ್ನುತ್ತಾರೆ. ಫೈನಲ್ ಫ್ಯಾಂಟಸಿ 16ರ ನಿರ್ಮಾಪಕ ನವೋಕಿ ಯೋಶಿದಾ 2023ರ ಒಂದು ಸಂದರ್ಶನದಲ್ಲಿ, ಈ ಪದ ಮೊದಮೊದಲು ಕೇಳಿದಾಗ ಅಲ್ಲಿನ ಡೆವಲಪರ್‌ಗಳಿಗೆ ತಮ್ಮನ್ನು ಕೀಳಾಗಿ ಕಂಡಂತೆ ಅನ್ನಿಸಿತ್ತು ಎಂದಿದ್ದರು. ಅವರ ಲೆಕ್ಕದಲ್ಲಿ ಅವರು ಮಾಡುತ್ತಿದ್ದುದು ಬರೀ ಆರ್‌ಪಿಜಿ. ಹಾಗಾಗಿ ನಾನೂ 'ಜಪಾನಿನಲ್ಲಿ ಮಾಡಿದ ಆರ್‌ಪಿಜಿ' ಅನ್ನುವ ಅರ್ಥದಲ್ಲಷ್ಟೇ ಮಾತಾಡುತ್ತಿದ್ದೇನೆ. ಈ ಲೆಕ್ಕದಲ್ಲಿ ನಿಂಟೆಂಡೊದ ಝೆಲ್ಡಾ ಸರಣಿ ಸೇರುತ್ತದಾ ಇಲ್ಲವಾ ಅನ್ನುವ ಜಗಳ ಹಳೆಯದು. ಇವತ್ತಿಗೆ ಸೇರಿಸಿಕೊಂಡಿದ್ದೇನೆ, ಅದಿಲ್ಲದೆ ಈ ಮಾತು ಮುಗಿಯುವುದಿಲ್ಲ.

ಹಗ್ಗ ಇಲ್ಲದಿದ್ದರೆ ಏನಾಗುತ್ತದೆ ಅಂತ ನೋಡಲು 2006ರ ಅಮೆರಿಕನ್ ಆಟ ಆಬ್ಲಿವಿಯನ್ ಒಳ್ಳೆಯ ಉದಾಹರಣೆ. ಅಲ್ಲಿ ನೀವು ಬಲಿತಂತೆಲ್ಲ ಶತ್ರುಗಳೂ ಬಲಿಯುತ್ತಾರೆ. ಎಲ್ಲಿಗೆ ಬೇಕಾದರೂ ಯಾವಾಗ ಬೇಕಾದರೂ ಹೋಗಬಹುದು, ಸಮಬಲದ ಹೋರಾಟ ಗ್ಯಾರಂಟಿ. ಕೇಳಲು ಚೆನ್ನಾಗಿದೆ. ಆದರೆ ಆಟದ ಕೊನೆಯ ಭಾಗದಲ್ಲಿ ದಾರಿಯಲ್ಲಿ ಅಡ್ಡಗಟ್ಟುವ ಬಡಪಾಯಿ ದರೋಡೆಕೋರನೂ ರಾಜರು ತೊಡುವಂಥ ಕವಚ ಹಾಕಿಕೊಂಡು ಬಂದು ಚಿಲ್ಲರೆ ದುಡ್ಡು ಕೇಳುತ್ತಾನೆ. ಎಲ್ಲ ದಿಕ್ಕೂ ಒಂದೇ ಅಂದಮೇಲೆ ಯಾವ ದಿಕ್ಕಿಗೆ ಹೋದರೇನು? ಸ್ವಾತಂತ್ರ್ಯ ಜಾಸ್ತಿಯಾಗಿ ದಾರಿಗೆ ರುಚಿಯೇ ಇಲ್ಲದಂತಾಯಿತು.

ಮತ್ತೆ ಜಪಾನಿಗೆ ಬರೋಣ. 1987ರಲ್ಲಿ ಸ್ಕ್ವೇರ್ ಕಂಪನಿಯ ಹಿರೊನೊಬು ಸಕಾಗುಚಿ ತಂಡ ಫೈನಲ್ ಫ್ಯಾಂಟಸಿ ತಂದಿತು. ಅಲ್ಲಿ ಹಗ್ಗ ಎಂದರೆ ವಾಹನ. ರಾಜಕುಮಾರಿಯನ್ನು ಬಿಡಿಸಿ ತಂದರೆ ರಾಜ ಮುರಿದ ಸೇತುವೆ ಕಟ್ಟಿಸಿಕೊಡುತ್ತಾನೆ. ಆ ಸೇತುವೆಗೆ ಕಾಲಿಟ್ಟ ಮೇಲೆಯೇ ಪರದೆಯ ಮೇಲೆ ಆಟದ ಪೀಠಿಕೆ ಮೂಡುವುದು. ಅಲ್ಲಿಯವರೆಗಿನದೆಲ್ಲ ಜಗಲಿ ಮೇಲಿನ ಆಟ. ಆಮೇಲೆ ಹಡಗು, ಪುಟ್ಟ ದೋಣಿ, ಕೊನೆಗೆ ಹಾರುವ ಹಡಗು. ವಾಹನ ಬದಲಾದ ಹಾಗೆಲ್ಲ ಅದೇ ನಕಾಶೆ ಬೇರೆ ನಕಾಶೆಯಾಗುತ್ತದೆ. ಅಲ್ಲಿಯವರೆಗೆ ಗೋಡೆಯಾಗಿದ್ದ ಬೆಟ್ಟ ಒಂದು ದಿನ ಕಾಲ ಕೆಳಗಿನ ಚಿತ್ರವಾಗುತ್ತದೆ.

ಆ ಕಾಲದ ವರ್ಲ್ಡ್ ಮ್ಯಾಪ್‌ನಲ್ಲಿ ಒಂದು ಸುಳ್ಳು ಇತ್ತು, ಆಡುವವರೆಲ್ಲ ಖುಷಿಯಿಂದ ಒಪ್ಪಿಕೊಂಡ ಸುಳ್ಳು. ನಕಾಶೆ ಮೇಲೆ ನಾಯಕ ಒಂದು ಊರಿನಷ್ಟು ದೊಡ್ಡವನಿರುತ್ತಿದ್ದ. ಅವನು ಒಂದು ಹೆಜ್ಜೆ ಇಟ್ಟರೆ ಒಂದು ಬೆಟ್ಟ ದಾಟಿದ ಹಾಗೆ. ಯಕ್ಷಗಾನದಲ್ಲಿ ರಂಗಸ್ಥಳಕ್ಕೆ ಒಂದು ಸುತ್ತು ಹಾಕಿದರೆ ಪಾತ್ರ ಇನ್ನೊಂದು ಊರಿಗೆ ಬಂತು ಅಂತ ನಾವು ಒಪ್ಪುತ್ತೇವಲ್ಲ, ಅಂಥದ್ದೇ ಒಪ್ಪಂದ. ಈ ಸುಳ್ಳಿನ ಬಲದಿಂದಲೇ ಅಷ್ಟು ಚಿಕ್ಕ ಕಾರ್ಟ್ರಿಜ್‌ನಲ್ಲಿ ಇಡೀ ಲೋಕ ಹಿಡಿಸಿದ್ದು.

ಗ್ರಾಫಿಕ್ಸ್ ಸುಧಾರಿಸಿದಂತೆ ಈ ಒಪ್ಪಂದ ಮುರಿಯಿತು. 1997ರ ಫೈನಲ್ ಫ್ಯಾಂಟಸಿ 7ರಲ್ಲಿ ಅದು ಇನ್ನೂ ಇತ್ತು. ಗಂಟೆಗಟ್ಟಲೆ ಮಿಡ್‌ಗಾರ್ ಎನ್ನುವ ಹೊಗೆ ತುಂಬಿದ ನಗರದಲ್ಲೇ ಸುತ್ತಿಸಿ, ಒಂದು ಹಂತದಲ್ಲಿ ಹೊರಗೆ ಬಿಡುತ್ತಾರೆ. ಸಂಗೀತ ಬದಲಾಗುತ್ತದೆ, ಹುಲ್ಲು ಕಾಣುತ್ತದೆ, ಇಷ್ಟು ಹೊತ್ತು ಲೋಕವೇ ಇದು ಅಂದುಕೊಂಡಿದ್ದ ನಗರ ಬೆನ್ನ ಹಿಂದೆ ಒಂದು ತಟ್ಟೆಯ ಹಾಗೆ ಕೂತಿರುತ್ತದೆ. 2001ರ ಫೈನಲ್ ಫ್ಯಾಂಟಸಿ 10ರ ಹೊತ್ತಿಗೆ ಪಾತ್ರಗಳಿಗೆ ಮನುಷ್ಯರ ಮುಖ, ಮನುಷ್ಯರ ಧ್ವನಿ ಬಂದಿತ್ತು. ಊರಿನಷ್ಟು ದೊಡ್ಡ ಮನುಷ್ಯ ಇನ್ನು ಕಣ್ಣಿಗೆ ಚುಚ್ಚುತ್ತಾನೆ. ವರ್ಲ್ಡ್ ಮ್ಯಾಪ್ ಹೋಯಿತು, ಹಾರುವ ಹಡಗು ಊರುಗಳ ಹೆಸರಿರುವ ಒಂದು ಮೆನು ಆಯಿತು. 2009ರ 13ನೇ ಆಟದಲ್ಲಂತೂ ಹತ್ತು ಅಧ್ಯಾಯ ಹೆಚ್ಚುಕಮ್ಮಿ ಒಂದೇ ಓಣಿಯಲ್ಲಿ ಓಡಿಸಿ, 11ನೆಯದರಲ್ಲಿ ಬಯಲು ತೋರಿಸಿದರು. ನೋಡಲು ಬಲು ಚೆಂದ. ಆದರೆ ಹಗ್ಗ ಹೋಗಿ ಹಳಿ ಬಂದಿತ್ತು.

ಈ ಕಗ್ಗಂಟನ್ನು ಬಿಡಿಸಿದವರಲ್ಲಿ ಮೋನೊಲಿತ್ ಸಾಫ್ಟ್‌ನ ತೆತ್ಸುಯಾ ತಕಹಾಶಿ ತಂಡಕ್ಕೆ ನನ್ನ ಮೊದಲ ಓಟು. 2010ರಲ್ಲಿ ನಿಂಟೆಂಡೊದ ವೀ ಯಂತ್ರಕ್ಕೆ ಬಂದ ಝೆನೋಬ್ಲೇಡ್ ಕ್ರಾನಿಕಲ್ಸ್‌ನಲ್ಲಿ ಲೋಕ ಎಂದರೆ ಕತ್ತಿ ಹಿಡಿದು ನಿಂತಲ್ಲೇ ಹೆಪ್ಪುಗಟ್ಟಿದ ಎರಡು ದೈತ್ಯ ದೇಹಗಳು. ಜನ ಬದುಕುವುದು ಆ ದೇಹದ ಮೇಲೆ. ಆಟದ ಶುರುವಿನ ಭಾಗದಲ್ಲೇ ದೈತ್ಯನ ಕಾಲಿನ ಮೇಲಿರುವ ಗೌರ್ ಪ್ಲೇನ್ ಎನ್ನುವ ಬಯಲಿಗೆ ಬರುತ್ತೀರಿ. ನಿಮ್ಮ ಲೆವೆಲ್ ಎರಡಂಕಿ ದಾಟಿ ಸ್ವಲ್ಪವೇ ಆಗಿರುತ್ತದೆ. ಹುಲ್ಲಿನ ನಡುವೆ ಬೆಟ್ಟದ ಹಾಗೆ ಒಂದು ಗೊರಿಲ್ಲಾ ಅಡ್ಡಾಡುತ್ತಿದೆ. ಹೆಸರು ರಾಟ್‌ಬಾರ್ಟ್. ಅದರ ಲೆವೆಲ್ 81.

ಮೊದಲ ಸಲ ಆ ಅಂಕಿ ಓದಿ ನಾನು ಪ್ರಿಂಟಿಂಗ್ ಮಿಸ್ಟೇಕ್ ಅಂದುಕೊಂಡೆ. ಅಲ್ಲ, ನಿಜವೇ. ಪಕ್ಕಕ್ಕೆ ಹೋದೆ, ಒಂದೇ ಏಟು, ಮುಗಿಯಿತು. ಆದರೆ ಈ ಆಟ ಸತ್ತವರಿಂದ ದಂಡ ವಸೂಲಿ ಮಾಡುವುದಿಲ್ಲ. ಹತ್ತಿರದ ಗುರುತಿನ ಜಾಗದಲ್ಲಿ ಎದ್ದು ಮುಂದುವರಿಯಬಹುದು. ಅಷ್ಟೇ ಅಲ್ಲ, ಹೊಸ ಜಾಗ ಕಂಡುಹಿಡಿದರೆ ಅದಕ್ಕೂ ಅನುಭವದ ಅಂಕ ಸಿಗುತ್ತದೆ. ಅಂದರೆ ಹೋರಾಡದೆ ಸುಮ್ನೆ ಅಲೆದಾಡಿದರೂ ಹಗ್ಗ ಉದ್ದವಾಗುತ್ತದೆ.

ಇಲ್ಲಿ ಆಗಿರುವ ಬದಲಾವಣೆ ಮೇಲ್ನೋಟಕ್ಕೆ ಚಿಕ್ಕದು. ಡ್ರಾಗನ್ ಕ್ವೆಸ್ಟ್‌ನಲ್ಲಿ ಶತ್ರು ಮೊದಲೇ ಕಾಣುವುದಿಲ್ಲ. ನಡೆಯುತ್ತಿದ್ದಂತೆ ಥಟ್ಟನೆ ಪರದೆ ಬದಲಾಗಿ ಹೋರಾಟ ಶುರು. ಹಾಗಾಗಿ ಹಗ್ಗ ಎಲ್ಲಿಗೆ ಮುಗಿಯುತ್ತದೆ ಅಂತ ಸತ್ತ ಮೇಲೇ ತಿಳಿಯುವುದು. ಝೆನೋಬ್ಲೇಡ್‌ನಲ್ಲಿ ಶತ್ರು ಬಯಲಲ್ಲೇ ನಿಂತಿದ್ದಾನೆ, ತಲೆ ಮೇಲೆ ಹೆಸರು, ಆ ಹೆಸರಿನ ಪಟ್ಟಿಯ ಬಣ್ಣ ನೋಡಿದರೆ ಅವನೆಷ್ಟು ಗಟ್ಟಿ ಅಂತ ಗೊತ್ತಾಗುತ್ತದೆ. ಕೆಂಪಿದ್ದರೆ ದೂರ ಇರು. ಹೋರಾಟದ ಸ್ಟೈಲ್ ಬದಲಾದ ಕೂಡಲೇ ನೆಲದ ವಿನ್ಯಾಸವೂ ಬದಲಾಯಿತು. ಶತ್ರು ಕಾಣುತ್ತಾನೆ ಅಂದಮೇಲೆ ಅವನನ್ನು ತಪ್ಪಿಸಿ ಸುತ್ತಿಕೊಂಡು ಹೋಗಲು ಜಾಗ ಬೇಕು, ಬಂಡೆ ಬೇಕು, ಏರು ಬೇಕು, ಇಳಿಜಾರು ಬೇಕು.

ಇದೇ ಮೋನೊಲಿತ್ ಸಾಫ್ಟ್ ಮುಂದೆ ನಿಂಟೆಂಡೊದ ಇನ್ನೊಂದು ಆಟಕ್ಕೂ ಕೈಜೋಡಿಸಿತು. 2017ರ ಮಾರ್ಚ್ 3ರಂದು ಬಂದ ಝೆಲ್ಡಾ: ಬ್ರೆತ್ ಆಫ್ ದ ವೈಲ್ಡ್. ನಿರ್ದೇಶಕ ಹಿದೆಮಾರೊ ಫುಜಿಬಯಾಶಿ. ಇಷ್ಟು ದೊಡ್ಡ ನೆಲದಲ್ಲಿ ಯಾವುದು ಎಷ್ಟು ದೂರ ಇರಬೇಕು ಅನ್ನುವುದನ್ನು ಅವರು ಅಂದಾಜು ಮಾಡಿದ್ದು ಕ್ಯೋಟೋ ನಗರದ ನಕಾಶೆ ಇಟ್ಟುಕೊಂಡು. ಆಟದ ನೆಲದ ಮೇಲೆ ಕ್ಯೋಟೋವನ್ನು ಹಾಸಿ, ತಾನು ಓಡಾಡಿ ಬಲ್ಲ ಜಾಗಗಳ ನಡುವೆ ನಡೆಯಲು ಎಷ್ಟು ಹೊತ್ತು ಬೇಕು ಅಂತ ಯೋಚಿಸುತ್ತಿದ್ದರಂತೆ. ಚದರ ಕಿಲೋಮೀಟರ್ ಲೆಕ್ಕ ಕಾಲಿಗೆ ಅರ್ಥವಾಗಲ್ಲ, ಗೊತ್ತಿರುವ ದಾರಿ ಅರ್ಥವಾಗುತ್ತದೆ.

ಅದೇ ವರ್ಷ ಜಪಾನಿನ ಡೆವಲಪರ್‌ಗಳ ಸಮ್ಮೇಳನ ಸೆಡೆಕ್‌ನಲ್ಲಿ ಈ ತಂಡ ತನ್ನ ಗುಟ್ಟು ಬಿಚ್ಚಿಟ್ಟಿತು. ಮೊದಲು ಅವರು ಎತ್ತರದ ಗೋಪುರಗಳನ್ನು ನಿಲ್ಲಿಸಿ, ಆಡುವವರು ಒಂದರಿಂದ ಒಂದಕ್ಕೆ ಹೋಗಲಿ ಅಂತ ಬಿಟ್ಟಿದ್ದರು. ಪರೀಕ್ಷೆಗೆ ಆಡಿದವರು ಹಾಗೇ ಹೋದರು, ಆದರೆ ಯಾರೋ ಕೈಹಿಡಿದು ಎಳೆದುಕೊಂಡು ಹೋದ ಹಾಗೆ ಅನ್ನಿಸಿತು ಅಂದರು. ಹಗ್ಗ ಕಂಡುಬಿಟ್ಟಿತ್ತು. ಆಮೇಲೆ ಹಿಡಿದದ್ದೇ ತ್ರಿಕೋನದ ದಾರಿ.

ತ್ರಿಕೋನ ಎಂದರೆ ಗುಡ್ಡ, ಅಷ್ಟೇ. ಎದುರಿಗೆ ತ್ರಿಕೋನಾಕಾರದ ಗುಡ್ಡ ಬಂದರೆ ಆಡುವವನ ಮುಂದೆ ಎರಡು ಆಯ್ಕೆ ಇರುತ್ತವೆ. ಮೇಲೆ ಹತ್ತಬೇಕು, ಇಲ್ಲವೇ ಸುತ್ತಿಕೊಂಡು ಹೋಗಬೇಕು. ಎರಡರಲ್ಲಿ ಯಾವುದು ಮಾಡಿದರೂ ಆ ನಿರ್ಧಾರ ತನ್ನದೇ ಅನ್ನಿಸುತ್ತದೆ. ಇನ್ನೊಂದು ಗುಣ, ಗುಡ್ಡ ತನ್ನ ಹಿಂದಿನದನ್ನು ಮುಚ್ಚುತ್ತದೆ, ಆದರೆ ಪೂರ್ತಿ ಅಲ್ಲ. ಇಳಿಜಾರಾಗಿರುವುದರಿಂದ ಹೆಜ್ಜೆ ಹಾಕಿದಂತೆ ಹಿಂದಿರುವುದು ಚೂರುಚೂರೇ ಇಣುಕುತ್ತದೆ. ಗುಡಿಯ ತುದಿಯೋ ಹೊಗೆಯೋ ಏನೋ ಹೊಳೆಯುವುದೋ ಕಾಣುತ್ತದೆ. 'ಅಲ್ಲೇನಿದೆ ನೋಡೋಣ' ಅಂತ ಕಾಲು ತಿರುಗುತ್ತದೆ. ಈ ತ್ರಿಕೋನಗಳು ಮೂರು ಅಳತೆಯಲ್ಲಿವೆ. ದೊಡ್ಡದು ದೂರದಿಂದ ದಿಕ್ಕು ತೋರಿಸುವ ಪರ್ವತ. ಮಧ್ಯಮದ್ದು ನೋಟ ಮುಚ್ಚುವ ಗುಡ್ಡ. ಚಿಕ್ಕದು ನಡಿಗೆಯ ಲಯ ಬದಲಿಸುವ ದಿಬ್ಬ. ನೀವು ಸ್ವಂತ ಕುತೂಹಲದಿಂದ ಅಲೆದಾಡುತ್ತಿದ್ದೀರಿ ಅಂದುಕೊಂಡಿರುತ್ತೀರಿ. ಪ್ರತಿ ಕುತೂಹಲವನ್ನೂ ಯಾರೋ ಮೇಜಿನ ಮೇಲೆ ಮೊದಲೇ ಬಿಡಿಸಿಟ್ಟಿದ್ದಾರೆ.

ಜಪಾನಿನ ಹಳೆಯ ತೋಟಗಳಲ್ಲಿ ಇದೇ ಕೆಲಸಕ್ಕೆ ಒಂದು ಪದವಿದೆ, ಮಿಯೆಗಕುರೆ. ಕಾಣುವುದು ಮತ್ತು ಮರೆಯಾಗುವುದು ಅಂತ ಅರ್ಥ. ತೋಟದ ದಾರಿ ಬಳುಕುತ್ತಾ ಹೋಗುತ್ತದೆ, ಕೊಳ ಒಮ್ಮೆ ಕಾಣುತ್ತದೆ, ಮರದ ಹಿಂದೆ ಹೋಗುತ್ತದೆ, ಮತ್ತೆ ಬೇರೆ ರೂಪದಲ್ಲಿ ಕಾಣುತ್ತದೆ. ಇನ್ನೊಂದು ಪದ ಶಕ್ಕೆ, ಎರವಲು ತಂದ ನೋಟ. ಕ್ಯೋಟೋದ ಎಂತ್ಸೂಜಿ ದೇವಸ್ಥಾನದ ತೋಟ ಚಿಕ್ಕದು, ಆದರೆ ಬೇಲಿಗಿಡದಾಚೆ ದೂರದ ಹಿಯೇ ಬೆಟ್ಟ ತೋಟದ್ದೇ ಭಾಗ ಅನ್ನುವ ಹಾಗೆ ಕೂತಿದೆ. ಝೆಲ್ಡಾ ತಂಡ ತೋಟ ನೋಡಿ ಗುಡ್ಡ ಮಾಡಿತು ಅಂತ ನಾನು ಹೇಳುತ್ತಿಲ್ಲ. ಹೋಲಿಕೆ ನನ್ನದು. ಆದರೆ ಡ್ರಾಗನ್ ಕ್ವೆಸ್ಟ್‌ನ ನೀರಿನಾಚೆಯ ಕೋಟೆ ನೆನಪಿಸಿಕೊಳ್ಳಿ, ಅದೂ ಎರವಲು ನೋಟವೇ ಅಲ್ವಾ?

ಹಾಗಾದರೆ ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಹಗ್ಗ ಎಲ್ಲಿದೆ? ಮೈಯಲ್ಲಿದೆ. ಬೆಟ್ಟ ಹತ್ತುವಾಗ ಪಕ್ಕದಲ್ಲಿ ಒಂದು ಹಸಿರು ಚಕ್ರ ಕರಗುತ್ತಾ ಬರುತ್ತದೆ. ಅದು ಖಾಲಿಯಾದರೆ ಕೈ ಜಾರುತ್ತದೆ. ಮಳೆ ಬಂದರೂ ಜಾರುತ್ತದೆ. ಅರ್ಧ ಬೆಟ್ಟದಲ್ಲಿ ಮಳೆ ಹಿಡಿದು, ಬಂಡೆಯ ಚಾಚಿನ ಕೆಳಗೆ ಬೆಂಕಿ ಹಾಕಿಕೊಂಡು ಕೂತ ಎಷ್ಟೋ ಹೊತ್ತು ನನಗೆ ಕಥೆಗಿಂತ ಜಾಸ್ತಿ ನೆನಪಿದೆ.

2022ರ ಫೆಬ್ರವರಿ 25ರಂದು ಬಂದ ಎಲ್ಡೆನ್ ರಿಂಗ್ ಇದಕ್ಕಿಂತ ಒರಟು. ಫ್ರಮ್‌ಸಾಫ್ಟ್‌ವೇರ್‌ನ ಹಿದೆತಕಾ ಮಿಯಾಝಾಕಿ ಕಟ್ಟಿದ ಲೋಕ. ಎಲ್ಲಿ ನಿಂತರೂ ಆಕಾಶದಲ್ಲಿ ಚಿನ್ನದ ಬಣ್ಣದ ಮಹಾವೃಕ್ಷ ಕಾಣುತ್ತದೆ. ವಿಶ್ರಾಂತಿ ಜಾಗದಿಂದ ಹೊಗೆಯ ಎಳೆಯಂಥ ಬೆಳಕು ಒಂದು ದಿಕ್ಕಿಗೆ ಬೆರಳು ತೋರಿಸುತ್ತದೆ. ಆ ಬೆಳಕಿನ ದಾರಿಯಲ್ಲೇ, ಮೊದಲ ಹುಲ್ಲುಗಾವಲಲ್ಲೇ, ಚಿನ್ನದ ಕವಚದ ಕುದುರೆ ಸವಾರನೊಬ್ಬ ಅಡ್ಡಾಡುತ್ತಿರುತ್ತಾನೆ. ಬೆಳಕು ಹೇಳಿತು ಅಂತ ನೇರ ಹೋದವರೆಲ್ಲ ಸಾಯುತ್ತಾರೆ. ಆಟ ಕಲಿಸುವ ಮೊದಲ ಪಾಠವೇ ಇದು, ದಿಕ್ಕು ಕೊಟ್ಟಿದ್ದೇನೆ, ದಾರಿ ನೀನು ಹುಡುಕು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಕೆರೆಯ ಹತ್ತಿರ ಸುಟ್ಟ ಅವಶೇಷಗಳಿವೆ. ಮೆಟ್ಟಿಲಿಳಿದರೆ ನೆಲಮಾಳಿಗೆ, ಅಲ್ಲೊಂದು ಪೆಟ್ಟಿಗೆ. ಇಂಥ ಆಟಗಳಲ್ಲಿ ಪೆಟ್ಟಿಗೆ ಕಂಡರೆ ತೆಗೆಯುವುದು 1986ರಿಂದ ಬಂದ ಚಾಳಿ. ತೆಗೆದ ತಕ್ಷಣ ಹೊಗೆ ಕವಿಯುತ್ತದೆ. ಕಣ್ಣು ಬಿಟ್ಟರೆ ಎಲ್ಲೋ ಒಂದು ಗಣಿಯ ಸುರಂಗ, ಸುತ್ತ ನಿಮ್ಮ ಶಕ್ತಿಗೆ ಮೀರಿದ ಜೀವಿಗಳು. ವಾಪಸ್ ಹೋಗೋಣ ಅಂದರೆ ಮ್ಯಾಪ್‌ನಿಂದ ಬೇರೆ ಜಾಗಕ್ಕೆ ಜಿಗಿಯಲು ಬಿಡುವುದಿಲ್ಲ. ಹೇಗೋ ತಪ್ಪಿಸಿಕೊಂಡು ಸುರಂಗದ ಬಾಯಿಗೆ ಬಂದರೆ ಹೊರಗೆ ಕೆಂಪು ಆಕಾಶ, ಕೊಳೆತ ನೆಲ. ಇದು ಕೇಲಿಡ್. ಮ್ಯಾಪ್ ತೆರೆದು ನೋಡಿದರೆ, ಅಲ್ಲಿಯವರೆಗೆ ಒಂದು ತಾಲೂಕಿನಷ್ಟಿದ್ದ ನಕಾಶೆ ಒಮ್ಮೆಲೇ ಹಿಗ್ಗಿರುತ್ತದೆ. ಈ ಆಟದ ಮ್ಯಾಪ್ ತನ್ನ ಪೂರ್ತಿ ಅಳತೆಯನ್ನು ಮೊದಲೇ ತೋರಿಸುವುದಿಲ್ಲ, ನೀವು ಹೋದಷ್ಟೂ ಅಂಚು ಸರಿಯುತ್ತದೆ. ಉಳಿದ ಆಟಗಳು ಹಗ್ಗ ಬಿಗಿಯಾದಾಗ ಹಿಂದಕ್ಕೆ ಎಳೆದರೆ, ಇದು ಹಗ್ಗ ಕತ್ತರಿಸಿ ಹಸುವನ್ನು ಪಕ್ಕದ ಊರಿನ ಹೊಲಕ್ಕೆ ಎಸೆಯುತ್ತದೆ.

ಕೇಲಿಡ್‌ನ ಆ ಕೆಂಪು ಸುಮ್ನೆ ಅಲಂಕಾರಕ್ಕಲ್ಲ. ಡ್ರಾಗನ್ ಕ್ವೆಸ್ಟ್‌ನಲ್ಲಿ ನೀಲಿ ಸ್ಲೈಮ್‌ಗಿಂತ ಕೆಂಪು ಸ್ಲೈಮ್ ಸ್ವಲ್ಪ ಗಟ್ಟಿ. ಚಿತ್ರ ಅದೇ, ಬಣ್ಣ ಬೇರೆ. ಅಂದು ಮೆಮೊರಿ ಸಾಲದೆ ಮಾಡಿದ ಉಪಾಯ, ಇಂದು ಆಕಾಶದ ಅಗಲಕ್ಕೆ ಹರಡಿದೆ.

ಹಗ್ಗವನ್ನು ನೆಲದಲ್ಲೇ ಕಟ್ಟಬೇಕು ಅಂತಿಲ್ಲ. ಅಟ್ಲಸ್ ಕಂಪನಿಯ ಪರ್ಸೋನಾ 5, 2016ರದು, ಓಪನ್ ವರ್ಲ್ಡ್ ಅಲ್ಲವೇ ಅಲ್ಲ. ಟೋಕಿಯೋದ ಶಿಬುಯಾ, ಸಾಂಗೆಂಜಾಯಾವನ್ನು ಹೋಲುವ ಒಂದು ಗಲ್ಲಿ, ಶಾಲೆ, ಇನ್ನಷ್ಟು ಚಿಕ್ಕ ಜಾಗಗಳು. ಆದರೆ ಅಲ್ಲಿ ಹಗ್ಗ ಇರುವುದು ಕ್ಯಾಲೆಂಡರಿನಲ್ಲಿ. ಏಪ್ರಿಲ್‌ನಲ್ಲಿ ಶುರುವಾಗುವ ಶಾಲಾ ವರ್ಷ, ದಿನಕ್ಕೆ ಸಂಜೆ ಒಂದು ಕೆಲಸ, ರಾತ್ರಿ ಒಂದು ಕೆಲಸ. ಗೆಳೆಯನ ಜೊತೆ ನೂಡಲ್ಸ್ ತಿಂದರೆ ಓದಲು ಆಗಲ್ಲ. ಓದಿದರೆ ಗೆಳೆಯನ ಜೊತೆ ಹೊತ್ತು ಕಳೆಯಲು ಆಗಲ್ಲ. ಕೆಂಪು-ಕಪ್ಪು ಮೆನುಗಳು, ಪೇಪರ್ ಕತ್ತರಿಸಿ ಅಂಟಿಸಿದಂಥ ಓರೆ ಅಕ್ಷರಗಳು, ದಿನ ಬದಲಾದಾಗ ಕ್ಯಾಲೆಂಡರಿಗೆ ಚುಚ್ಚುವ ಚಾಕು, ಈ ಎಲ್ಲ ಥಳುಕು ಒಂದೇ ಮಾತನ್ನು ಹೇಳುತ್ತಿರುತ್ತದೆ, ಟೈಮ್ ಹೋಗ್ತಿದೆ. ಜೊತೆಗಿರುವ ಬೆಕ್ಕು ಬೇರೆ, ಇವತ್ತಿಗೆ ಸಾಕು ಮಲಗು ಅಂತ ಪೀಡಿಸುತ್ತದೆ. ಅದರ ಕಿವಿ ಹಿಂಡಬೇಕು ಅನ್ನಿಸದವರು ಯಾರೂ ಇಲ್ಲ.

ಅದೇ ವರ್ಷದ ಫೈನಲ್ ಫ್ಯಾಂಟಸಿ 15 ನೆಲ, ಹೊತ್ತು ಎರಡನ್ನೂ ಹಿಡಿಯಲು ಹೋಯಿತು. ನಾಲ್ವರು ಗೆಳೆಯರು, ಒಂದು ಕಾರು, ಉದ್ದದ ರಸ್ತೆ. ಕತ್ತಲಾದರೆ ದೊಡ್ಡ ಭೂತಗಳು ಏಳುತ್ತವೆ, ಹಾಗಾಗಿ ಕಾರು ಓಡಿಸುವ ಗೆಳೆಯ ರಾತ್ರಿ ಬೇಡ ಅನ್ನುತ್ತಾನೆ. ಗಳಿಸಿದ ಅಂಕ ಲೆವೆಲ್ ಆಗಿ ಜಮೆಯಾಗುವುದು ಕ್ಯಾಂಪ್ ಹಾಕಿ ಮಲಗಿದಾಗಲೇ. ಛತ್ರವೇ ಗೂಟ ಅನ್ನುವ ಹಳೆಯ ಲೆಕ್ಕ ಇಲ್ಲಿ ಟೆಂಟ್ ಆಗಿ ಮರಳಿದೆ. ದ್ವಿತೀಯಾರ್ಧದಲ್ಲಿ ಕಾರು ಬಿಟ್ಟು ರೈಲು ಹತ್ತಿಸುತ್ತಾರೆ, ಹಳಿ ಮತ್ತೆ ಬಂತು. ಆಮೇಲಿನ ಮಾತು ಬೇಡ.

ಎಡವಿದವರೂ ಇದ್ದಾರೆ. 2022ರ ಪೋಕೆಮಾನ್ ಸ್ಕಾರ್ಲೆಟ್ ಮತ್ತು ವಯಲೆಟ್, ಯಾವ ಕ್ರಮದಲ್ಲಿ ಬೇಕಾದರೂ ಆಡಿ ಅಂದಿತು. ಆದರೆ ಎದುರಾಳಿಗಳ ಲೆವೆಲ್ ಮೊದಲೇ ನಿಗದಿ. ತಪ್ಪು ಕ್ರಮದಲ್ಲಿ ಹೋದರೆ ಒಂದು ಕಡೆ ಒದೆ ತಿಂದು, ಇನ್ನೊಂದು ಕಡೆ ಆಕಳಿಸುತ್ತೀರಿ. ಹಗ್ಗ ಇದೆ, ತೋರಿಸುವ ಬಣ್ಣವಿಲ್ಲ. 2024ರ ಫೈನಲ್ ಫ್ಯಾಂಟಸಿ 7 ರೀಬರ್ತ್‌ನ ಬಯಲುಗಳು ಅದ್ಭುತ, ಆದರೆ ಗೋಪುರ ಹತ್ತಿದರೆ ಮ್ಯಾಪ್ ತುಂಬ ಐಕಾನ್. ನೋಡುವ ಕೆಲಸ ಹೋಗಿ ಟಿಕ್ ಹಾಕುವ ಕೆಲಸ ಬಂತು.

ನನಗೆ ತುಂಬ ಇಷ್ಟವಾದ 'ಓಪನ್ ವರ್ಲ್ಡ್' ಮಾತ್ರ ಇವುಗಳ ಪಕ್ಕದಲ್ಲಿ ಅಂಗೈ ಅಗಲದ್ದು. 2020ರಲ್ಲಿ ಸೆಗಾ ತಂದ ಯಾಕುಝಾ: ಲೈಕ್ ಎ ಡ್ರಾಗನ್. ಈ ಸರಣಿಯ ಹಿಂದಿನ ಆಟಗಳಲ್ಲಿ ಟೋಕಿಯೋದ ಕಬುಕಿಚೊ ಬೀದಿಗಳನ್ನು ಹೋಲುವ ಕಾಮುರೊಚೊ ಇತ್ತು. 2005ರಿಂದ ಅದೇ ಬೀದಿಗಳು, ಆಟ ಆಟಕ್ಕೂ ಅಂಗಡಿ ಮಾತ್ರ ಬದಲು. ಈ ಆಟ ಯೊಕೊಹಾಮಾಕ್ಕೆ ಹೋಗುತ್ತದೆ. ನಾಯಕ ಇಚಿಬಾನ್ ಕಸುಗಾ ಚಿಕ್ಕಂದಿನಲ್ಲಿ ಡ್ರಾಗನ್ ಕ್ವೆಸ್ಟ್ ಆಡಿ ಬೆಳೆದವನು. ಹದಿನೆಂಟು ವರ್ಷ ಜೈಲಲ್ಲಿದ್ದು ಬಂದು, ಮನೆಮಠವಿಲ್ಲದವರ ಜೊತೆ ಬೀದಿಗೆ ಬಿದ್ದಿದ್ದಾನೆ. ಜಗಳ ಶುರುವಾದರೆ ಅವನ ಕಣ್ಣಿಗೆ ಎದುರಿರುವ ಪುಂಡರು ರಾಕ್ಷಸರ ಹಾಗೆ ಕಾಣುತ್ತಾರೆ, ಹೋರಾಟ ಸರದಿಯ ಮೇಲೆ ನಡೆಯುತ್ತದೆ.

ಆ ನಗರದಲ್ಲೂ ಕೆಲವು ಬೀದಿಗಳಿವೆ. ರಸ್ತೆ ದಾಟಿ ಆ ಕಡೆ ಕಾಲಿಟ್ಟರೆ ಅಲ್ಲಿನ ಪುಂಡರ ಲೆವೆಲ್ ನಿಮಗಿಂತ ಎಷ್ಟೋ ಮೇಲೆ. ಗೇಟ್ ಇಲ್ಲ, ಬೋರ್ಡ್ ಇಲ್ಲ. ಮೊದಲ ಸಲ ನಾನು ಸೀದಾ ಹೋಗಿ ಒದೆ ತಿಂದೆ. ಎದ್ದು ನೋಡಿದರೆ ಜೇಬಿನ ಅರ್ಧ ದುಡ್ಡು ಇರಲಿಲ್ಲ.